ಪೋಲೀಸಿನವನ ಸಂಬಳ, ಸೆರೆಮನೆಯ ಚಾಪೆ
(ನೀಲಗುಂದದ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯ ಕೂಲಿ, ಸಂತೆಯ ಸುಂಕ, ಅಂಗಡಿಯ ಬಾಡಿಗೆ ಎಂದು ಮಾತನಾಡುತ್ತ ಬಂದವರು ನಾವು. ಈ ಹೊತ್ತು ನೀಲಗುಂದದಲ್ಲಿ ನಿಂತು ಪೋಲೀಸರ ಸಂಬಳದ ಮಾತೆತ್ತುತ್ತೇವೆಂದು ತಿಳಿದಾಗ ನಮ್ಮ ಸಂಗಾತಿಗಳಲ್ಲೇ ಕೆಲವರು ನಕ್ಕರು. "ಲಾಠಿ ಹಿಡಿದವನ ಪರವಾಗಿ ಭಾಷಣವೋ?" ಎಂದರು. ನಗುವುದಕ್ಕೆ ಕಾರಣವಿದೆ. ಮುಷ್ಕರದ ದಿನ ಗಿರಣಿಯ ಬಾಗಿಲಲ್ಲಿ ನಮಗೆ ಅಡ್ಡ ನಿಂತವನು ಅವನೇ. ತಳ್ಳುಗಾಡಿಯಿಂದ ಕೇಳದೆ ಕಾಸು ಕೊಡದೆ ಬಾಳೆಹಣ್ಣು ಎತ್ತಿಕೊಂಡವನೂ ಅವನೇ. ಇದನ್ನು ಮರೆಯಿರೆಂದು ಹೇಳಲು ನಾವು ಬಂದಿಲ್ಲ. ಆದರೆ ಅವನ ಸಂಬಳವನ್ನು, ಅವನ ಕೆಲಸದ ಹೊತ್ತನ್ನು, ಅವನು ನಮ್ಮನ್ನು ಒಯ್ದು ಹಾಕುವ ಸೆರೆಮನೆಯನ್ನು ನೋಡಿಕೊಳ್ಳಬೇಕಾದವರು ಯಾರು, ಅವರು ನೋಡುತ್ತಿದ್ದಾರೆಯೇ ಎಂಬುದನ್ನು ನಾವು ಕೇಳದಿದ್ದರೆ ಬೇರೆ ಯಾರೂ ಕೇಳುವುದಿಲ್ಲ.

ಮೈಲಾರದ ಕಾರಣಿಕಕ್ಕೆ, ಕೊಟ್ಟೂರಿನ ತೇರಿಗೆ ಹೋದವರೆಲ್ಲ ಕಂಡಿರುತ್ತೀರಿ. ಬೆಳಗಿನ ಜಾವದಿಂದ ಬಿಸಿಲಲ್ಲಿ ನಿಂತ ಪೇದೆ ಮಧ್ಯಾಹ್ನ ಚಿತ್ರಾನ್ನದ ಪೊಟ್ಟಣವನ್ನು ನಿಂತೇ ಬಿಚ್ಚುತ್ತಾನೆ. ಅವನಾರು? ಬಹಳ ಮಟ್ಟಿಗೆ ನಮ್ಮಂಥವರ ಮಗನೇ. ಎರಡು ಎಕರೆ ಬೆದ್ದಲು ಇದ್ದವನ ಮಗ, ಕೂಲಿಯವನ ಮಗ. ಗಿರಣಿಯಲ್ಲಿ ಧಣಿ ಸಂಬಳ ತಡೆದರೆ ನಾವು ಸಂಘ ಕಟ್ಟುತ್ತೇವೆ, ಕಾರ್ಮಿಕ ಇಲಾಖೆಗೆ ಹೋಗುತ್ತೇವೆ, ಕೊನೆಗೆ ಕೆಲಸ ನಿಲ್ಲಿಸುತ್ತೇವೆ. ಅವನಿಗೆ ಈ ಮೂರೂ ಇಲ್ಲ. ಸಂವಿಧಾನದ 33ನೇ ವಿಧಿ ಅವನ ಹಕ್ಕುಗಳನ್ನು ಮೊಟಕುಮಾಡುವ ಅಧಿಕಾರವನ್ನು ಪಾರ್ಲಿಮೆಂಟಿಗೆ ಕೊಟ್ಟಿದೆ. 1966ರಲ್ಲಿ ಪಾರ್ಲಿಮೆಂಟು ಅದರಂತೆ ಕಾನೂನನ್ನೂ ಮಾಡಿತು. ಅಪ್ಪಣೆಯಿಲ್ಲದೆ ಕಾರ್ಮಿಕ ಸಂಘ ಸೇರಿದರೆ 2 ವರ್ಷದವರೆಗೆ ಸೆರೆವಾಸ, ಇಲ್ಲವೆ 2,000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ.

ಬಂದೂಕು ಹಿಡಿದವರು ನಾಳೆಯಿಂದ ಮುಷ್ಕರ ಹೂಡಲಿ ಎಂದು ನಾವು ಹೇಳುವುದಿಲ್ಲ. ಊರು ಕಾಯುವವನು ಒಂದು ರಾತ್ರಿ ಕೈಬಿಟ್ಟರೆ ಮೊದಲು ಮುರಿಯುವುದು ಚಿಕ್ಕ ಅಂಗಡಿಯ ಬೀಗ. ಆದರೆ ಒಬ್ಬನ ಬಾಯಿಗೆ ಬಟ್ಟೆ ಕಟ್ಟಿದ ಮೇಲೆ ಅವನ ಹೊಟ್ಟೆಯ ಲೆಕ್ಕವನ್ನು ಕೇಳಿಸಿಕೊಳ್ಳದೆಯೇ ಇಡುವ ಜವಾಬ್ದಾರಿ ಕಟ್ಟಿದವನದು. ಇಂತಿಷ್ಟು ವರ್ಷಕ್ಕೊಮ್ಮೆ, ಹೊರಗಿನವರ ಕೈಯಿಂದ, ಎಲ್ಲರೂ ಓದುವಂತೆ ಆ ಪರಿಶೀಲನೆ ನಡೆಯಬೇಕು. ನಡೆದದ್ದು ಹೇಗೆ, ನೋಡಿ.

2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುತ್ತೇವೆಂದು ಕರ್ನಾಟಕದ ಪೋಲೀಸರು ಸಾರಿದರು. ಕೇಳಿದ್ದೇನು? ನೆರೆರಾಜ್ಯಗಳ ಪೇದೆಗೆ ಸಮನಾದ ಸಂಬಳ, ವಾರಕ್ಕೊಂದು ರಜೆ, ಮೇಲಧಿಕಾರಿಯ ಮನೆಯಲ್ಲಿ ನಾಯಿ ನೋಡುವ ಆರ್ಡರ್ಲಿ ಚಾಕರಿಯಿಂದ ಬಿಡುಗಡೆ. ಇದರಲ್ಲಿ ಕ್ರಾಂತಿ ಎಲ್ಲಿದೆ? ಸರಕಾರ ಅಗತ್ಯ ಸೇವೆಗಳ ಕಾನೂನನ್ನು ಹೊರತೆಗೆಯಿತು. ಪೋಲೀಸ್ ಮಹಾಸಂಘದ ಮುಂದಾಳು ಶಶಿಧರ ವೇಣುಗೋಪಾಲರನ್ನು ಎರಡು ದಿನ ಮೊದಲೇ ಹಿಡಿದು ರಾಜದ್ರೋಹದ ಆಪಾದನೆ ಹೊರಿಸಿತು. ಬ್ರಿಟಿಷರು ಲೋಕಮಾನ್ಯ ತಿಲಕರ ಮೇಲೆ ಹಾಕಿದ ಕಲಮು ಅದು. ಸಂಬಳ ಕೇಳಿದವನ ಮೇಲೆ ಬಿತ್ತು! ಜೂನ್ 4ರಂದು ಬಹುತೇಕ ಪೇದೆಗಳು ಎಂದಿನಂತೆ ಠಾಣೆಗೆ ಬಂದರು.

ಚಳವಳಿ ಮುರಿಯಿತು, ಆದರೆ ಭಯ ಕೆಲಸ ಮಾಡಿತು. ಅದೇ ವರ್ಷ ಹಿರಿಯ ಅಧಿಕಾರಿ ರಾಘವೇಂದ್ರ ಔರಾದಕರರ ಸಮಿತಿ ವೇತನ ಹೆಚ್ಚಿಸಬೇಕೆಂದು ವರದಿ ಕೊಟ್ಟಿತು. ವರದಿ ಕಪಾಟು ಸೇರಿತು. ಮೂರು ಮಂದಿ ಮುಖ್ಯಮಂತ್ರಿಗಳು ಆ ಕಪಾಟಿನ ಮುಂದೆ ಹಾದುಹೋದ ಮೇಲೆ 2019ರ ಆಗಸ್ಟ್ 1ರಿಂದ ಜಾರಿಯೆಂದು ಆಜ್ಞೆಯಾಯಿತು. 21,400 ರೂಪಾಯಿಗೆ ಆರಂಭವಾಗುತ್ತಿದ್ದ ಪೇದೆಯ ಮೂಲ ವೇತನ 23,500ಕ್ಕೆ ಏರಿತು. ಮೂರು ವರ್ಷದ ಕಾಯುವಿಕೆಗೆ 2,100 ರೂಪಾಯಿ. ಅದೂ ಹೊಸಬರಿಗೆ; ತಮಗೆ ಅದರ ಲಾಭ ನೆಟ್ಟಗೆ ಮುಟ್ಟಲಿಲ್ಲವೆಂದು ಹಳಬರು ಗೊಣಗಿದರು. 2024ರ ಆಗಸ್ಟಿನಿಂದ ಏಳನೆಯ ವೇತನ ಆಯೋಗದ ಶ್ರೇಣಿಗಳು ಬಂದು ಈ ಅಂಕಿಗಳೆಲ್ಲ ಬದಲಾದವು. ಬದಲಾಗದೆ ಉಳಿದದ್ದು ಕ್ರಮ: ಹೆದರಿದಾಗ ಸಮಿತಿ, ಹೆದರಿಕೆ ಹೋದಾಗ ಕಪಾಟು.

ಸಂಬಳ ಏರಿದರೆ ಮಾಮೂಲು ನಿಲ್ಲುತ್ತದೆಯೇ ಎಂದು ವ್ಯಾಪಾರಿ ಮಿತ್ರರು ಕೇಳಬಹುದು. ನಿಲ್ಲುವುದಿಲ್ಲ. ಲಕ್ಷಗಟ್ಟಲೆ ಸಂಬಳ ಎಣಿಸುವವರೂ ತಿನ್ನುವುದನ್ನು ನಾವು ಬಲ್ಲೆವು. ಆದರೆ ಹೊಟ್ಟೆ ತುಂಬದವನಿಗೆ ನೀತಿ ಹೇಳುವ ಮುಖ ಯಾರಿಗೂ ಇರುವುದಿಲ್ಲ. ಸಂಬಳ ಸರಿಯಾಗಿ ಕೊಟ್ಟ ಮೇಲೆ ಬಾಳೆಹಣ್ಣಿನ ಕಾಸನ್ನು ನಾವು ಗಟ್ಟಿಯಾಗಿ ಕೇಳಬಹುದು.

ಆ ಜೂನ್ 4ರಂದೇ ನಮ್ಮ ಮಗ್ಗುಲಿನ ಕೂಡ್ಲಿಗಿಯಲ್ಲಿ ಇನ್ನೊಂದು ಘಟನೆ ನಡೆಯಿತು. ಅಲ್ಲಿನ ಡಿ.ವೈ.ಎಸ್.ಪಿ. ಅನುಪಮಾ ಶೆಣೈ ರಾಜೀನಾಮೆ ಕೊಟ್ಟರು. ಅದಕ್ಕೆ ಐದು ತಿಂಗಳು ಮೊದಲು, ಜನವರಿಯಲ್ಲಿ, ಅವರನ್ನು ಇಂಡಿಗೆ ವರ್ಗ ಮಾಡಲಾಗಿತ್ತು. ಅಂದಿನ ಕಾರ್ಮಿಕ ಮಂತ್ರಿ, ಹಡಗಲಿಯ ಶಾಸಕ ಪಿ.ಟಿ. ಪರಮೇಶ್ವರ ನಾಯ್ಕರ ದೂರವಾಣಿ ಕರೆಯನ್ನು ಅವರು ಕಾಯಿಸಿದ್ದೇ ಇದಕ್ಕೆ ಕಾರಣವೆಂದು ಪತ್ರಿಕೆಗಳೆಲ್ಲ ಬರೆದವು. ಕೂಡ್ಲಿಗಿಯ ಜನ ಬೀದಿಗಿಳಿದರು, ವರ್ಗಾವಣೆ ರದ್ದಾಯಿತು. ಆ ಅಧಿಕಾರಿ ಮಾಡಿದ್ದೆಲ್ಲ ಸರಿಯೆಂದು ನಾವು ಪ್ರಮಾಣ ಮಾಡುವುದಿಲ್ಲ. ಮುಂದೆ ಅವರು ರಾಜಕೀಯಕ್ಕೂ ಹೋದರು. ಆದರೆ ಫೋನಿನ ತಂತಿಯಲ್ಲಿ ಕ್ಷಣ ಕಾಯಬೇಕಾದ ಮಂತ್ರಿಯ ಸಿಟ್ಟಿಗೆ ಒಂದು ತಾಲ್ಲೂಕಿನ ಅಧಿಕಾರಿ ಜಿಲ್ಲೆ ದಾಟಬೇಕೆಂದರೆ, ತಳ್ಳುಗಾಡಿಯವನ ದೂರನ್ನು ಆ ಠಾಣೆಯಲ್ಲಿ ಯಾವ ಧೈರ್ಯದಿಂದ ಬರೆದುಕೊಳ್ಳುತ್ತಾರೆ?

ಇದಕ್ಕೆ ಮದ್ದು ಗೊತ್ತಿಲ್ಲದ್ದೇನಲ್ಲ. ಪೋಲೀಸರ ಕಷ್ಟ ವಿಚಾರಿಸಲು ಜನತಾ ಸರಕಾರ 1977ರಲ್ಲಿ ರಾಷ್ಟ್ರೀಯ ಆಯೋಗ ನೇಮಿಸಿತ್ತು. ಅದರ ಮೊದಲ ವರದಿ 1979ರಲ್ಲಿ ಪೇದೆಯಿಂದಲೇ ಆರಂಭವಾಯಿತು. ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರ್ 22ರಂದು ಆಜ್ಞೆ ಮಾಡಿತು: ಠಾಣೆಯ ಹೊಣೆ ಹೊತ್ತವರನ್ನು ಎರಡು ವರ್ಷ ಕದಲಿಸಬೇಡಿ, ವರ್ಗಾವಣೆಗೆ ಮಂಡಳಿ ಮಾಡಿ, ಜನರ ದೂರಿಗೆ ರಾಜ್ಯದಲ್ಲೂ ಜಿಲ್ಲೆಯಲ್ಲೂ ಪ್ರಾಧಿಕಾರ ಸ್ಥಾಪಿಸಿ. ಕರ್ನಾಟಕ 2012ರಲ್ಲಿ ತನ್ನ ಪೋಲೀಸ್ ಕಾಯಿದೆಗೆ ಇವುಗಳನ್ನು ಸೇರಿಸಿತು. ಕೂಡ್ಲಿಗಿಯ ಕಥೆ ನಡೆದದ್ದು ಅದಾದ ನಾಲ್ಕು ವರ್ಷಕ್ಕೆ. ಜಿಲ್ಲೆಗೊಂದು ಪೋಲೀಸ್ ದೂರು ಪ್ರಾಧಿಕಾರ ಇದೆಯೆಂದು ಈ ಸಭೆಯಲ್ಲಿ ಎಷ್ಟು ಮಂದಿಗೆ ಗೊತ್ತು? ಕೈ ಎತ್ತಿ. ... ನಾಲ್ಕು ಕೈ.

ಇನ್ನು ಖಾಲಿ ಹುದ್ದೆಗಳು. 545 ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಉತ್ತರಪತ್ರಿಕೆ ತಿದ್ದಿದ ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ಸರಕಾರವೇ ಅದನ್ನು ರದ್ದು ಮಾಡಿತು. ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯ ಅಧಿಕಾರಿಯೇ ಬಂಧಿತರಾದರು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಅಷ್ಟು ಕಾಲ ಆ 545 ಕುರ್ಚಿಗಳ ಕೆಲಸವನ್ನು ಇದ್ದವರೇ ಹೊತ್ತರು; ಹೊಲ ಮಾರಿ ಓದಿದ ಹುಡುಗರು ಕಾದರು. ನಮ್ಮ ಹರಪನಹಳ್ಳಿ ತಾಲ್ಲೂಕಿನ ಪಾಡು ಇನ್ನೂ ವಿಚಿತ್ರ. 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ನಮ್ಮ ಕಡತಗಳು ಮೂರು ಜಿಲ್ಲೆಯ ನೀರು ಕುಡಿದಿವೆ. ಯಾವ ಕಚೇರಿಗೆ ಅರ್ಜಿ ಕೊಡಬೇಕೆಂದು ಈಗಲೂ ಕೇಳುವವರಿದ್ದಾರೆ.

ಸೆರೆಮನೆಯ ಮಾತಿಗೆ ಬರೋಣ. ಪೋಲೀಸು, ಸೆರೆಮನೆ ಎರಡೂ ಸಂವಿಧಾನದಲ್ಲಿ ರಾಜ್ಯದ ಪಟ್ಟಿಗೆ ಸೇರಿದವು. ದಿಲ್ಲಿಯ ಕಡೆ ಬೆರಳು ತೋರಿಸಿ ಬೆಂಗಳೂರು ತಪ್ಪಿಸಿಕೊಳ್ಳುವಂತಿಲ್ಲ.

2017ರ ಜುಲೈಯಲ್ಲಿ ಪರಪ್ಪನ ಅಗ್ರಹಾರದಲ್ಲಿ ಹಣವಂತ ಕೈದಿಗೆ ಬೇರೆ ಅಡುಗೆಮನೆಯಿದೆ ಎಂದು ಡಿ.ಐ.ಜಿ. ರೂಪಾ ವರದಿ ಬರೆದರು. ವರದಿ ಬರೆದವರಿಗೂ ವರ್ಗ, ಬರೆಸಿಕೊಂಡವರಿಗೂ ವರ್ಗ. 2024ರ ಆಗಸ್ಟಿನಲ್ಲಿ ಅದೇ ಸೆರೆಮನೆಯ ಹುಲ್ಲುಹಾಸಿನ ಮೇಲೆ ವಿಚಾರಣಾಧೀನ ಚಿತ್ರನಟರೊಬ್ಬರು ಕುರ್ಚಿ ಹಾಕಿ ಕುಳಿತ ಚಿತ್ರ ಹೊರಬಂತು. ಅಧಿಕಾರಿಗಳು ಅಮಾನತಾದರು, ಕೈದಿಯನ್ನು ನಮ್ಮ ಬಳ್ಳಾರಿಗೆ ತಂದರು. 2025ರ ನವೆಂಬರಿನಲ್ಲಿ ಮತ್ತೆ ಅಲ್ಲಿಯ ಕೈದಿಗಳ ಕೈಯಲ್ಲಿ ಮೊಬೈಲು, ಮತ್ತೆ ಸಮಿತಿ. ಚಿತ್ರ ಹೊರಬಿದ್ದಾಗ ಮಾತ್ರ ಸರಕಾರಕ್ಕೆ ಕಣ್ಣು ತೆರೆಯುತ್ತದೆ. ಬಡವನ ಚಿತ್ರ ಯಾರೂ ತೆಗೆಯುವುದಿಲ್ಲ.

ಆ ಬಡವನ ಲೆಕ್ಕ ಹೀಗಿದೆ. 2022ರ ಕೊನೆಗೆ ದೇಶದ ಸೆರೆಮನೆಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿಯ ಅಪರಾಧ ಇನ್ನೂ ರುಜುವಾತಾಗಿರಲಿಲ್ಲ. ನಾಲ್ವರಲ್ಲಿ ಮೂವರು! 100 ಮಂದಿಯ ಜಾಗದಲ್ಲಿ 131 ಮಂದಿ ಮಲಗಿದ್ದರು. 1978ರಲ್ಲಿ ಮಧ್ಯಪ್ರದೇಶದ ಗಾರೆ ಕೆಲಸದವನೊಬ್ಬನಿಗೆ 10,000 ರೂಪಾಯಿಯ ಜಾಮೀನು ಕೇಳಿ, ಬೇರೆ ಜಿಲ್ಲೆಯಲ್ಲಿದ್ದ ಅವನ ಸೋದರನ ಹೊಣೆ ನಡೆಯದು ಎಂದಾಗ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸಿಡಿದೆದ್ದು ಮೊತ್ತವನ್ನು 1,000ಕ್ಕೆ ಇಳಿಸಿದರು. ಮೊದಲ ಬಾರಿಗೆ ಸಿಕ್ಕಿಬಿದ್ದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದಿದ್ದರೆ, ಜೀವಾವಧಿ ಮರಣದಂಡನೆಯ ಅಪರಾಧಗಳನ್ನು ಬಿಟ್ಟು, ಮುಚ್ಚಳಿಕೆಯ ಮೇಲೆ ಬಿಡಬೇಕೆಂದು 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನ 479ನೇ ಕಲಮು ಹೇಳುತ್ತದೆ. ಅರ್ಜಿ ಹಾಕಬೇಕಾದವನು ಸೆರೆಮನೆಯ ಅಧೀಕ್ಷಕ. ಹಾಕಿದನೋ ಇಲ್ಲವೋ ನೋಡುವವರು ಬೇಕು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು, ಜಾತಿ ನೋಡಿ ಒಬ್ಬನಿಗೆ ಅಡುಗೆ, ಇನ್ನೊಬ್ಬನಿಗೆ ಕಕ್ಕಸು ತೊಳೆಯುವ ಕೆಲಸ ಹಂಚುವ ಸೆರೆಮನೆ ನಿಯಮಗಳನ್ನು ಹೊಡೆದುಹಾಕಿತು. ಸ್ವಾತಂತ್ರ್ಯ ಬಂದು 77 ವರ್ಷಕ್ಕೆ!

ನಮ್ಮವರಾದ ಸ್ನೇಹಲತಾ ರೆಡ್ಡಿಯವರ ಹೆಸರು ಇಲ್ಲಿ ಹೇಳದಿರಲಾರೆವು. ತುರ್ತುಪರಿಸ್ಥಿತಿಯಲ್ಲಿ, 1976ರ ಮೇಯಿಂದ, ಅವರನ್ನು ಬೆಂಗಳೂರಿನ ಸೆರೆಮನೆಯಲ್ಲಿಟ್ಟರು. ಉಬ್ಬಸದ ರೋಗಿ. ಒಳಗಿದ್ದೂ ಅವರು ಜಗಳಾಡಿದ್ದು ಕಳ್ಳತನಕ್ಕೆ, ಸೂಳೆಗಾರಿಕೆಗೆ ಹಿಡಿದು ತಂದ ಬಡ ಹೆಂಗಸರ ಊಟಕ್ಕಾಗಿ, ಅವರನ್ನು ಹೊಡೆಯಬಾರದೆಂದು. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು, 20ರಂದು ತೀರಿಕೊಂಡರು. ಸೆರೆಮನೆಯ ವೈದ್ಯ, ಔಷಧಿ, ಗಾಳಿ ಎಂಬ ಮಾತುಗಳು ನಮಗೆ ಆಯವ್ಯಯದ ಸಾಲುಗಳಾಗಿ ಕೇಳಿಸದಿರುವುದು ಇದಕ್ಕೇ.

ಈಗ ಕೆಲಸ. ಮಾಹಿತಿ ಹಕ್ಕಿನ ಕಾನೂನಿನಂತೆ 10 ರೂಪಾಯಿ ಕೊಟ್ಟು ಕೇಳಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಬಡತನದ ಚೀಟಿ ಇದ್ದವರಿಗೆ ಆ ಹತ್ತು ರೂಪಾಯಿಯೂ ಇಲ್ಲ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದೆಂಬುದು ನಮ್ಮ ರಾಜ್ಯದ ನಿಯಮ. ಆದ್ದರಿಂದ ಮೂರು ಬರೆದು ತಂದಿದ್ದೇವೆ. ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಠಾಣೆಗಳಲ್ಲಿ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ವಾರದ ರಜೆ ಎಷ್ಟು ಮಂದಿಗೆ ಸಿಕ್ಕಿದೆ ಎಂಬುದು ಒಂದು. ಜಿಲ್ಲೆಯ ದೂರು ಪ್ರಾಧಿಕಾರ ಎಷ್ಟು ಸಲ ಕೂಡಿದೆ ಎಂಬುದು ಎರಡು. ಬಳ್ಳಾರಿ ಸೆರೆಮನೆಗೆ ಸಂದರ್ಶಕ ಮಂಡಳಿಯವರು ಕೊನೆಯ ಸಲ ಹೋದದ್ದು ಯಾವಾಗ, ಏನು ಬರೆದರು, 479ನೇ ಕಲಮಿನ ಅರ್ಜಿ ಎಷ್ಟು ಹೋದವು ಎಂಬುದು ಮೂರು. ರುಜು ಹಾಕುವ ಮೂವರು ಸಭೆ ಮುಗಿದ ಮೇಲೆ ಭೀಮೇಶ್ವರ ಗುಡಿಯ ಕಟ್ಟೆಯ ಬಳಿ ಬನ್ನಿ. ಉತ್ತರ ಬಂದರೆ ಬಂದಂತೆಯೇ ಈ ಪತ್ರಿಕೆಯಲ್ಲಿ ಅಚ್ಚು ಹಾಕುತ್ತೇವೆ, ಬರದಿದ್ದರೆ 31ನೆಯ ದಿನ ಮೇಲ್ಮನವಿ ಹಾಕುತ್ತೇವೆ.