ಕೌದಿಯ ಮೂಲೆಯಲ್ಲಿ ಹೆಸರು



ಹೊತ್ತಾಗಿದೆ ಎಂದು ನಮಗೂ ಗೊತ್ತು. ಮನೆಯಲ್ಲಿ ರೊಟ್ಟಿ ಬಡಿಯುವುದು ಬಾಕಿ ಇದೆ. ಎಮ್ಮೆ ಹಿಂಡುವುದು ಬಾಕಿ ಇದೆ. ನಿಮ್ಮನ್ನು ಹೆಚ್ಚು ಹೊತ್ತು ಹಿಡಿದು ಕೂಡಿಸುವುದಿಲ್ಲ. ನಾವು ಮೂವರು ಸೇರಿ ಈ ಮಾತು ಬರೆದುಕೊಂಡು ಬಂದಿದ್ದೇವೆ. ಓದುವವರು ಒಬ್ಬರು. ಮಾತು ಮೂವರದೂ.

ಹೋದ ವಾರ ಇದೇ ಕಟ್ಟೆಯ ಮೇಲೆ ನಾವು ಒಂದು ಪ್ರಶ್ನೆ ಕೇಳಿದ್ದೆವು. ನೆನಪಿದೆಯಲ್ಲ? "ನಿಮ್ಮಲ್ಲಿ ಯಾರಿಗೆ ಕಲೆ ಗೊತ್ತು?" ಎಂದು ಕೇಳಿದೆವು. ಒಬ್ಬರೂ ಕೈ ಎತ್ತಲಿಲ್ಲ. ಹಿಂದೆ ಕೂತಿದ್ದ ಅಜ್ಜಿ, "ನಮಗೆಲ್ಲಿ ಕಲಾ ಬರತೈತ್ರೀ? ಕೂಲಿಗೆ ಹೋಗೂದು, ಬರೂದು, ಮಲಗೂದು" ಅಂದರು. ಎಲ್ಲರೂ ನಕ್ಕರು. ನಾವೂ ನಕ್ಕೆವು.

ಆದರೆ ಆ ಅಜ್ಜಿ ಯಾವುದರ ಮೇಲೆ ಕೂತಿದ್ದರು? ಒಂದು ಕೌದಿಯ ಮೇಲೆ. ಅವರೇ ಹೊಲಿದ ಕೌದಿ. ನಡುವೆ ಒಂದು ಕೆಂಪು ಚೌಕ. ಅದರ ಸುತ್ತ ಹಳದಿ ಪಟ್ಟಿ. ಅದರಾಚೆ ನೀಲಿ, ಹಸಿರು, ಬಿಳಿ. "ಯಾಕಜ್ಜಿ, ಕೆಂಪು ನಡುವೆ ಯಾಕೆ ಇಟ್ಟಿರಿ?" ಎಂದು ಕೇಳಿದೆವು. ಅವರು ಹೇಳಿದ್ದು ಕೇಳಿ:

"ಅದು ನನ್ನ ಮದುವಿ ಸೀರಿ ಸೆರಗು. ಉಳಿದಿದ್ದು ಅಷ್ಟ. ಮೂಲ್ಯಾಗ ಇಟ್ಟರ ಯಾರು ನೋಡ್ತಾರ? ನಡುವ ಇಟ್ಟೆ. ಬಾಜೂಕ ಹಸರು ಇಟ್ಟು ನೋಡಿದೆ, ಸರಿ ಕಾಣಲಿಲ್ಲ. ಬಿಚ್ಚಿ ಹಳದಿ ಹಚ್ಚಿದೆ. ಆಗ ಕೆಂಪು ಎದ್ದು ಬಂತು."

ಇಟ್ಟು ನೋಡಿದರು. ಸರಿ ಕಾಣಲಿಲ್ಲ. ಬಿಚ್ಚಿದರು. ಬೇರೆ ಬಣ್ಣ ಹಚ್ಚಿದರು. ದೊಡ್ಡ ದೊಡ್ಡ ಚಿತ್ರಗಾರರು ಮಾಡುವುದೂ ಇದನ್ನೇ. ಅವರ ಕೈಯಲ್ಲಿ ಕುಂಚ ಇರುತ್ತದೆ. ಅಜ್ಜಿಯ ಕೈಯಲ್ಲಿ ಸೂಜಿ ಇತ್ತು.

ಕೌದಿ ಹೊಲಿಯುವುದನ್ನು ನಿಮಗೆ ನಾವು ಹೇಳಿಕೊಡಬೇಕಾಗಿಲ್ಲ. ನೀವೇ ನಮಗೆ ಕಲಿಸಿದವರು. ಆದರೂ ಒಮ್ಮೆ ಬಿಡಿಸಿ ನೋಡೋಣ. ಹಳೆಯ ಸೀರೆ, ಹಳೆಯ ಧೋತರ ಒಗೆದು ಒಣಗಿಸುತ್ತೀರಿ. ನೆಲದ ಮೇಲೆ ಪದರು ಪದರಾಗಿ ಹಾಸುತ್ತೀರಿ. ಸುಕ್ಕು ಬಾರದಂತೆ ಅಂಗೈಯಿಂದ ಸವರುತ್ತೀರಿ. ಎಷ್ಟು ಪದರು ಹಾಕಿದರೆ ಬೆಚ್ಚಗಾಗುತ್ತದೆ, ಎಷ್ಟು ಹಾಕಿದರೆ ಸೂಜಿ ದಾಟುವುದಿಲ್ಲ, ಇದೆಲ್ಲ ನಿಮ್ಮ ಕೈಗೆ ಗೊತ್ತು. ಆಮೇಲೆ ಮೇಲಿನ ತುಂಡುಗಳನ್ನು ಜೋಡಿಸುತ್ತೀರಿ. ಸಾಲು ಬಿಟ್ಟು ಸಾಲು ದಾರ ಎಳೆಯುತ್ತೀರಿ. ಅಳತೆ ಪಟ್ಟಿ ಇಲ್ಲ, ಗೆರೆ ಇಲ್ಲ. ಆದರೂ ಸಾಲು ಸೊಟ್ಟ ಆಗುವುದಿಲ್ಲ. ಆ ಹೊಲಿಗೆಯೇ ಪದರುಗಳನ್ನು ಹಿಡಿದಿಡುತ್ತದೆ. ಇಲ್ಲದಿದ್ದರೆ ಒಗೆದಾಗ ಒಳಗಿನ ಬಟ್ಟೆ ಒಂದು ಕಡೆ ಗುಡ್ಡೆಯಾಗುತ್ತದೆ. ಅಂದರೆ ಚಂದಕ್ಕೂ ಹೊಲಿಗೆ ಬೇಕು, ಬಾಳಿಕೆಗೂ ಹೊಲಿಗೆ ಬೇಕು. ಇದರಲ್ಲಿ ಕೆಲಸ ಎಲ್ಲಿ ಮುಗಿಯಿತು, ಕಲೆ ಎಲ್ಲಿ ಶುರುವಾಯಿತು? ನಮಗಂತೂ ಗೆರೆ ಎಳೆದು ತೋರಿಸಲು ಬರುವುದಿಲ್ಲ.

ಈಗ ಕಾಲ ಬದಲಾಗಿದೆ, ಕೌದಿಯೂ ಬದಲಾಗಿದೆ. ಮೊದಲು ಇಳಕಲ್ ಸೀರೆಯ ಅಂಚು, ಖಣದ ತುಂಡು ಇರುತ್ತಿದ್ದವು. ಈಗ ನೈಟಿ ಬಟ್ಟೆ, ಚೂಡಿದಾರದ ತುಂಡು, ಮಕ್ಕಳ ಶಾಲೆಯ ಯೂನಿಫಾರ್ಮ್ ಎಲ್ಲ ಬಂದಿವೆ. ಪಾಲಿಯೆಸ್ಟರ್ ಬಟ್ಟೆ ಕೈಯಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ. ನಮ್ಮ ಕೇಂದ್ರದ ಒಬ್ಬಾಕೆ ಅದಕ್ಕೂ ದಾರಿ ಹುಡುಕಿದ್ದಾಳೆ. ಮೇಲೆ ಕೆಳಗೆ ಹತ್ತಿ ಬಟ್ಟೆ ಹಾಕಿ, ನಡುವೆ ಪಾಲಿಯೆಸ್ಟರ್ ಹಾಕುತ್ತಾಳೆ. ಇದನ್ನು ಯಾವ ಪುಸ್ತಕವೂ ಆಕೆಗೆ ಹೇಳಿಕೊಟ್ಟಿಲ್ಲ.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಜನ ಇದ್ದಾರೆ. ಅವರ ಹಿರಿಯರು ಆಫ್ರಿಕಾದಿಂದ ಬಂದವರು. ಸಿದ್ದಿ ಹೆಣ್ಣುಮಕ್ಕಳೂ ಕೌದಿ ಹೊಲಿಯುತ್ತಾರೆ. ಅವರು ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಗುಂಟ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಬಟ್ಟೆ ಮಡಚಿ ಸಣ್ಣ ಮುಕ್ಕೋನ ಹೊಲಿಯುತ್ತಾರೆ. ಅದಕ್ಕೆ ಫೂಲ, ಅಂದರೆ ಹೂವು ಎನ್ನುತ್ತಾರೆ. ಫೂಲ ಇಲ್ಲದ ಕೌದಿ ಬೆತ್ತಲೆ ಕೌದಿ ಎನ್ನುತ್ತಾರೆ. ನೋಡಿ, ಆ ಹೂವಿನಿಂದ ಚಳಿ ಏನೂ ಹೋಗುವುದಿಲ್ಲ. ಆದರೂ ಅದು ಬೇಕೇ ಬೇಕು.

ಇನ್ನೊಂದು ದೂರದ ಊರಿನ ಮಾತು ಹೇಳುತ್ತೇವೆ. ಅಮೆರಿಕ ದೇಶದಲ್ಲಿ ಅಲಬಾಮಾ ಎಂಬ ರಾಜ್ಯ ಇದೆ. ಅಲ್ಲಿ ಹೊಳೆಯ ತಿರುವಿನಲ್ಲಿ ಒಂದು ಹಳ್ಳಿ. ಹೆಸರು ಜೀಸ್ ಬೆಂಡ್. ಅಲ್ಲಿನ ಜನ ಕಪ್ಪು ಜನ. ಅವರ ಹಿರಿಯರನ್ನು ಗುಲಾಮರನ್ನಾಗಿ ಮಾಡಿ ಹತ್ತಿ ಹೊಲದಲ್ಲಿ ದುಡಿಸಿದ್ದರು. ಗುಲಾಮಗಿರಿ ಹೋಯಿತು, ಬಡತನ ಹೋಗಲಿಲ್ಲ. ಮನೆಯ ಸಂದಿಯಲ್ಲಿ ಚಳಿಗಾಳಿ ನುಗ್ಗುತ್ತಿತ್ತು. ಹೆಂಗಸರು ಹರಿದ ಪ್ಯಾಂಟು, ಹಳೆಯ ಅಂಗಿ, ಗೋಣಿಚೀಲದಂಥ ಬಟ್ಟೆ ಸೇರಿಸಿ ಹೊದಿಕೆ ಹೊಲಿದರು. ನಮ್ಮ ಕೌದಿಯ ಅಕ್ಕ-ತಂಗಿ ಅನ್ನಿ. 1966ರಲ್ಲಿ ಆ ಕಡೆಯ ಹೆಂಗಸರು ಹೊದಿಕೆ ಹೊಲಿದು ಮಾರಲು ಒಂದು ಸಂಘ ಕಟ್ಟಿದರು. 2002ರಲ್ಲಿ ಅವರ ಹೊದಿಕೆಗಳನ್ನು ಹೂಸ್ಟನ್ ಮತ್ತು ನ್ಯೂಯಾರ್ಕ್ ಪಟ್ಟಣಗಳ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಗೋಡೆಗೆ ತೂಗುಹಾಕಿದರು. ಜತೆಗೆ ಹೊಲಿದವಳ ಹೆಸರು ಹಾಕಿದರು. 2006ರಲ್ಲಿ ಅಲ್ಲಿನ ಅಂಚೆ ಇಲಾಖೆ 10 ಹೊದಿಕೆಗಳ ಚಿತ್ರ ಇರುವ ಅಂಚೆಚೀಟಿ ತಂದಿತು. ಹಾಸಿಗೆಯ ಮೇಲಿದ್ದಾಗ ಅದು ಹಳೆ ಬಟ್ಟೆ. ಗೋಡೆ ಏರಿದ ಮೇಲೆ ಕಲೆ. ಹೊದಿಕೆ ಅದೇ. ನೋಡುವ ಕಣ್ಣು ಬದಲಾಯಿತು, ಅಷ್ಟೇ.

ನಮ್ಮ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಸುದ್ದಿಯನ್ನೂ ನೀವು ಕೇಳಿರಬಹುದು. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಹೊರದೇಶದವರ ದೊಡ್ಡ ಸಭೆ ನಡೆಯಿತು. ಆಗ ಅವರ ಕಸೂತಿಯ 1755 ತುಂಡುಗಳನ್ನು ಒಟ್ಟಿಗೆ ಪ್ರದರ್ಶನಕ್ಕೆ ಇಟ್ಟಿದ್ದರು. ಅದು ಗಿನ್ನೆಸ್ ದಾಖಲೆಗೆ ಸೇರಿತು.

ಇದೆಲ್ಲ ಸರಿ, ನಮಗೇನು ಬಂತು ಎನ್ನುತ್ತೀರಾ? ಅಲ್ಲಿಗೇ ಬರುತ್ತಿದ್ದೇವೆ.

ನಮ್ಮ ಮೂವರಲ್ಲಿ ಒಬ್ಬರು ಓದು ಬರಹ ಬರದಿದ್ದ ಕಾಲದಲ್ಲಿ ಒಂದು ಕೌದಿ ಮಾರಿದರು. ಪಟ್ಟಣದಿಂದ ಒಬ್ಬ ವ್ಯಾಪಾರಿ ಬಂದಿದ್ದ. 600 ರೂಪಾಯಿ ಕೊಟ್ಟ. ಮನೆಗೆ ಬಂದ ದುಡ್ಡು ಎಂದು ಸಂತೋಷಪಟ್ಟೆವು. ಮುಂದೆ ಪಟ್ಟಣದ ಒಂದು ಅಂಗಡಿಯಲ್ಲಿ ಅದೇ ಕೌದಿ ಕಂಡಿತು. ನಮ್ಮ ಹೊಲಿಗೆ ನಮಗೆ ಗುರುತು ಸಿಗುವುದಿಲ್ಲವೇ? ಅದರ ಮೇಲೆ ಒಂದು ಚೀಟಿ ಇತ್ತು. ಓದಲು ಬರುತ್ತಿರಲಿಲ್ಲ. ಪಕ್ಕದಲ್ಲಿದ್ದ ಹುಡುಗಿಯ ಕೈಯಲ್ಲಿ ಓದಿಸಿದೆವು. ಬೆಲೆ 4500 ರೂಪಾಯಿ. ಕೆಳಗೆ ಅಂಗಡಿಯ ಹೆಸರು. ಹೊಲಿದವರ ಹೆಸರು ಇರಲಿಲ್ಲ. "ಇದು ನಾನು ಹೊಲಿದದ್ದು" ಎಂದರೆ, "ಅದಕ್ಕೆ ಗುರುತೇನು?" ಎಂದರು. ಏನು ಗುರುತು ತೋರಿಸುವುದು? ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದೆವು. ಆ ಬಸ್ಸಿನಲ್ಲೇ ನಾವು ಅಕ್ಷರ ಕಲಿಯಬೇಕು ಎಂದು ತೀರ್ಮಾನ ಮಾಡಿದ್ದು.

ಈಗ ಲೆಕ್ಕ ಬರುತ್ತದೆ. ಬನ್ನಿ, ಆ ಲೆಕ್ಕ ಮಾಡೋಣ. ಸ್ಲೇಟು ತೆಗೆದುಕೊಳ್ಳಿ.

ಕೌದಿ ಹೊಲಿದದ್ದು 22 ದಿನ. ದಿನಕ್ಕೆ 3 ತಾಸು. ಒಟ್ಟು 66 ತಾಸು. ಸಿಕ್ಕಿದ್ದು 600 ರೂಪಾಯಿ. ದಾರಕ್ಕೆ, ಹೊಸ ಅಸ್ತರಿನ ಬಟ್ಟೆಗೆ ಹೋದದ್ದು 120. ಉಳಿದದ್ದು 480. ಅದನ್ನು 66 ತಾಸಿಗೆ ಹಂಚಿ. ತಾಸಿಗೆ 7 ರೂಪಾಯಿ ಚಿಲ್ಲರೆ. ಹೊಲದಲ್ಲಿ ಕಳೆ ತೆಗೆದಿದ್ದರೂ ಇದಕ್ಕಿಂತ ಹೆಚ್ಚು ಸಿಗುತ್ತಿತ್ತು. ಹಳೆಯ ಸೀರೆಗೆ ನಾವು ಬೆಲೆಯನ್ನೇ ಹಿಡಿದಿಲ್ಲ. ಬಣ್ಣ ಜೋಡಿಸಿದ ಬುದ್ಧಿಗೂ ಹಿಡಿದಿಲ್ಲ.

ವ್ಯಾಪಾರಿಗೂ ಖರ್ಚು ಇರುತ್ತದೆ, ಬಾಡಿಗೆ ಇರುತ್ತದೆ. ನಾವು ಅದನ್ನು ಇಲ್ಲ ಎನ್ನುವುದಿಲ್ಲ. ಆದರೆ ಕೇಳದೆ ಇದ್ದದ್ದು ನಮ್ಮ ತಪ್ಪು. ಈಗ ನಮ್ಮ ಸಂಘದಲ್ಲಿ ಒಂದು ಪುಸ್ತಕ ಇಟ್ಟಿದ್ದೇವೆ. ಕೌದಿಗೆ ಎಷ್ಟು ದಿನ ಹಿಡಿಯಿತು, ದಾರಕ್ಕೆ ಎಷ್ಟು ಹೋಯಿತು, ಯಾರಿಗೆ ಎಷ್ಟಕ್ಕೆ ಮಾರಿದೆವು, ಎಲ್ಲ ಬರೆಯುತ್ತೇವೆ. ಬರವಣಿಗೆ ಅಂದವಿಲ್ಲ. ಲೆಕ್ಕ ಮಾತ್ರ ಸರಿ ಇದೆ. ಕೊಳ್ಳುವವರು ಬಂದರೆ ಪುಸ್ತಕ ಬಿಚ್ಚಿ ಮುಂದೆ ಇಡುತ್ತೇವೆ. ಕೆಲವರು ಎದ್ದು ಹೋಗುತ್ತಾರೆ. ಕೆಲವರು ಕೂತು ಮಾತಾಡುತ್ತಾರೆ.

ಎಲ್ಲ ಕೌದಿಯನ್ನೂ ಮಾರಬೇಕು ಎಂದು ನಾವು ಹೇಳುತ್ತಿಲ್ಲ. ಮೊಮ್ಮಗುವಿಗೆ ಹೊಲಿದ ಕೌದಿಗೆ ಯಾರು ಬೆಲೆ ಕಟ್ಟುತ್ತಾರೆ! ಮಾರಲಿ, ಮನೆಯಲ್ಲೇ ಇರಲಿ, ಒಂದು ಕೆಲಸ ಮಾತ್ರ ಮಾಡೋಣ. ಮೂಲೆಯಲ್ಲಿ ನಮ್ಮ ಹೆಸರು ಹೊಲಿಯೋಣ. ಜತೆಗೆ ಊರು, ಇಸವಿ.

ಮೊದಲು ಸೀಮೆಸುಣ್ಣದಲ್ಲಿ ಬರೆದುಕೊಳ್ಳಿ. ಅಕ್ಷರ ದೊಡ್ಡದಾಗಿ ಇರಲಿ. ನಮ್ಮ ಅಕ್ಷರ ಗುಂಡಗೆ, ಸೂಜಿ ಹೋಗುವುದು ನೆಟ್ಟಗೆ. ಅದಕ್ಕೇ ಹೊಲಿಗೆ ಸಣ್ಣ ಸಣ್ಣದಾಗಿ ಹಾಕಬೇಕು. ಒಂದು ಹೊಲಿಗೆ ಮುಂದೆ ಹೋಗಿ, ಮತ್ತೆ ಹಿಂದಿನ ತೂತಿಗೇ ಸೂಜಿ ಹಾಕಿ ಎಳೆದರೆ ಗೆರೆ ತುಂಡಾಗುವುದಿಲ್ಲ. ತಿಳಿ ಬಟ್ಟೆಗೆ ಕಪ್ಪು ದಾರ ಚೆನ್ನಾಗಿ ಕಾಣುತ್ತದೆ. ನಮಗೆ ಮೊದಲ ಸಲ ಒಂದು ಹೆಸರಿಗೆ ಎರಡು ಸಂಜೆ ಹಿಡಿಯಿತು.

ಹೋದ ವಾರ ಮಾತಾಡಿದ ಅಜ್ಜಿ ಇವತ್ತೂ ಬಂದಿದ್ದಾರೆ. ಇಗೋ, ಅವರ ಕೌದಿ. ಎಲ್ಲರೂ ಹತ್ತಿರ ಬಂದು ನೋಡಿ. ಈ ಮೂಲೆಯಲ್ಲಿ ಅವರ ಹೆಸರು ಇದೆ. ಹೆಸರಿನ ಕೊನೆಯ 'ಅವ್ವ'ಕ್ಕೆ ಒತ್ತು ಬಿಟ್ಟುಹೋಗಿದೆ. 'ಅವ' ಆಗಿದೆ. ಬಿಚ್ಚಿ ಸರಿಮಾಡೋಣವೇ ಎಂದು ಕೇಳಿದೆವು.

"ಇರಲಿ ಬಿಡ್ರೀ" ಅಂದರು ಅಜ್ಜಿ. "ಮುಂದಿನ ಕೌದಿಗೆ ಒತ್ತು ಹಾಕ್ತೇನಿ."