ತಾಯಿಯ ಕೌದಿ



ಧನುರ್ಮಾಸದ ಹೊತ್ತಾರೆಯಲ್ಲಿ ಹುಗ್ಗಿಯ ನೈವೇದ್ಯಕ್ಕೆ ನಮ್ಮನ್ನು ಎಬ್ಬಿಸುವುದು ತಾಯಿಗೆ ಸುಲಭವಾಗಿರಲಿಲ್ಲ. ಆಕೆಯೇ ಹೊಲಿದ ಕೌದಿಯು ನಮ್ಮನ್ನು ಬಿಡುತ್ತಿರಲಿಲ್ಲ. ಹಳೆಯ ಸೀರೆ ಪಂಚೆಗಳನ್ನು ಪದರಪದರವಾಗಿ ಹಾಸಿ, ಉದ್ದಕ್ಕೂ ಸಾಲುಹೊಲಿಗೆ ಹಾಕಿದರೆ ಕೌದಿಯಾಗುತ್ತದೆ. ಪದರಗಳ ನಡುವೆ ಸಿಕ್ಕಿದ ಗಾಳಿಯು ಮೈಯ ಶಾಖವನ್ನು ಹೊರಹೋಗಗೊಡದು. ಉತ್ತರ ಕನ್ನಡದ ಸಿದ್ದಿ ಸ್ತ್ರೀಯರು ಅದರ ಮೂಲೆಗಳಿಗೆ ಬಟ್ಟೆಯ ಮಡಿಕೆಗಳ ಹೂವಿಟ್ಟು ಮುಗಿಸುತ್ತಾರೆ.

ಕಾಲೇಜು ಸೇರಿದಾಗ ಸಹಪಾಠಿಗಳ ನಗೆಗೆ ಹೆದರಿ ನಾನು ಕೌದಿಯನ್ನು ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟು, ಕೊಂಡ ತೆಳುಗಂಬಳಿಯಲ್ಲಿ ನಡುಗಿದೆನು. ರಜೆಯಲ್ಲಿ ಅದರ ಮಡಿಕೆ ಕೆಡದಿರುವುದನ್ನು ತಾಯಿ ಕಂಡಳು, ಏನೂ ಕೇಳಲಿಲ್ಲ.

ಈಗ ಆಕೆಯಿಲ್ಲ. ಕಳೆದ ಮಾಗಿಯಲ್ಲಿ ನನ್ನ ಹೆಂಡತಿಯು ಆಕೆಯ ಕೊನೆಯ ಸೀರೆಯನ್ನು ಅದಕ್ಕೆ ಪದರವಾಗಿ ಸೇರಿಸಿದಳು. ಮಗನು ಅದನ್ನು ಹೊದೆದು ಏಳಲೊಲ್ಲನು. ನಾನೂ ಅವನನ್ನು ಬೇಗನೆ ಎಬ್ಬಿಸಲಾರೆನು.