ಎಷ್ಟು ಡೋಸ್, ಯಾಕೆ ಅಷ್ಟು?

ಮಕ್ಕಳ ಲಸಿಕೆಯ ಬಗ್ಗೆ ಮಾತಾಡಬೇಕು ಎಂದು ಸಂಘದವರು ಹೇಳಿದ್ದಾರೆ. ಹೆಗ್ಗರಣೆಯಲ್ಲಿ ನಿಂತು ಲಸಿಕೆಯ ಮಾತೆತ್ತುವಾಗ ಮಂಗನ ಕಾಯಿಲೆಯಿಂದಲೇ ಶುರುಮಾಡುವುದು ಸರಿ ಎಂದು ನನಗೆ ಅನ್ನಿಸುತ್ತದೆ. ಲಸಿಕೆ ಎಷ್ಟು ಕಾಯುತ್ತದೆ, ಎಷ್ಟು ಸಲ ಹಾಕಿಸಿಕೊಳ್ಳಬೇಕು ಎಂಬ ಎರಡು ಪ್ರಶ್ನೆಗಳಿಗೂ ನಮ್ಮ ಸಿದ್ದಾಪುರ ತಾಲೂಕು ಜೀವ ತೆತ್ತು ಉತ್ತರ ಕಂಡಿದೆ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೆ ಒಂದು ಸತ್ತವು. ಸುತ್ತಲಿನ ಹಳ್ಳಿಗಳ ಜನ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು, ಇದು ಉಣುಗಿನಿಂದ ಹರಡುವ ಹೊಸ ವೈರಸ್ ಎಂದು ಗುರುತಿಸಿದರು. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದಲೇ ಬರುವ ಮಿದುಳು ಜ್ವರದ ವೈರಸ್ಸಿಗೆ ಇದು ಹತ್ತಿರದ್ದು. ಹಾಗಾಗಿ ಆ ಜ್ವರಕ್ಕೆ ಮಾಡಿದ್ದ ಲಸಿಕೆಯನ್ನೇ ತಂದು ಇಲ್ಲಿನವರಿಗೆ ಹಾಕಿ ನೋಡಿದರು. ಅದು ಕಾಯಲಿಲ್ಲ. ಹತ್ತಿರದ ಸಂಬಂಧ ಇದ್ದರೆ ಸಾಲದು, ಈ ವೈರಸ್ಸಿಗೆ ಇದೇ ವೈರಸ್ಸಿನ ಲಸಿಕೆ ಬೇಕು ಎಂಬುದು ಅಲ್ಲಿ ಗೊತ್ತಾಯಿತು. ಆಮೇಲೆ ಬಂದದ್ದು ಕೋಳಿಮೊಟ್ಟೆಯ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ಅದನ್ನು ಕೊಂದು ಮಾಡಿದ ಲಸಿಕೆ. ನಿಮ್ಮಲ್ಲಿ ಬಹಳ ಮಂದಿ ತೋಳೊಡ್ಡಿ ಹಾಕಿಸಿಕೊಂಡದ್ದು ಅದನ್ನೇ.

ಅದರ ಲೆಕ್ಕ ನಿಮಗೆ ನೆನಪಿರಬಹುದು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. 6ರಿಂದ 65 ವರ್ಷದವರಿಗೆ ಮಾತ್ರ. 1990ರಿಂದ 92ರವರೆಗೆ ನಡೆದ ಪರೀಕ್ಷೆಯಲ್ಲಿ ಒಂದು ಡೋಸ್ ಪಡೆದವರಲ್ಲಿ ಶೇ. 79.3, ಎರಡು ಪಡೆದವರಲ್ಲಿ ಶೇ. 93.5 ರಕ್ಷಣೆ ಕಂಡಿತ್ತು. 2005ರಿಂದ 2010ರವರೆಗಿನ ದಾಖಲೆ ಹಿಡಿದು ಮತ್ತೆ ನೋಡಿದಾಗ ಎರಡು ಡೋಸಿನ ರಕ್ಷಣೆ ಶೇ. 62.4ಕ್ಕೆ ಇಳಿದಿತ್ತು. ಬೂಸ್ಟರನ್ನೂ ಪಡೆದವರಲ್ಲಿ ಅದು ಶೇ. 82.9.

ಈ ಶೇಕಡಾ ಎಂದರೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ತಪ್ಪು ತಿಳಿವಳಿಕೆ ಹುಟ್ಟುವುದೇ ಇಲ್ಲಿ. ಶೇ. 62 ಎಂದರೆ ಲಸಿಕೆ ಪಡೆದ ನೂರು ಜನರಲ್ಲಿ 38 ಮಂದಿಗೆ ಕಾಯಿಲೆ ಬರುತ್ತದೆ ಎಂದಲ್ಲ. ಒಂದೇ ಅಳತೆಯ ಎರಡು ಗುಂಪುಗಳಿವೆ, ಎರಡೂ ಅದೇ ಬೆಟ್ಟಕ್ಕೆ ಹೋಗಿ ದರಕು, ಅಂದರೆ ಒಣ ಎಲೆ, ಗುಡಿಸುತ್ತವೆ ಎಂದುಕೊಳ್ಳಿ. ಲಸಿಕೆ ಇಲ್ಲದ ಗುಂಪಿನಲ್ಲಿ 100 ಮಂದಿ ಜ್ವರ ಬಿದ್ದರೆ, ಎರಡು ಡೋಸ್ ಪಡೆದ ಗುಂಪಿನಲ್ಲಿ ಬೀಳುವವರು ಸುಮಾರು 38. ಬೂಸ್ಟರ್ ಸಹಿತ ಪಡೆದ ಗುಂಪಿನಲ್ಲಿ ಸುಮಾರು 17. ಈ 38ಕ್ಕೂ 17ಕ್ಕೂ ನಡುವೆ ಇರುವುದು ಬೂಸ್ಟರ್ ಚುಚ್ಚುಮದ್ದು. ಆ ಲಸಿಕೆಯ ಚುಚ್ಚುಮದ್ದು ನೋಯುತ್ತಿತ್ತು, ಕೈ ಊದುತ್ತಿತ್ತು, ಮರುದಿನ ಕೆಲಸಕ್ಕೆ ತೊಂದರೆ ಆಗುತ್ತಿತ್ತು ಎಂಬುದೂ ನಿಜ. ಅದಕ್ಕೇ ಮೊದಲನೆಯದಕ್ಕೆ ಬಂದವರು ಎರಡನೆಯದಕ್ಕೆ ಬರಲಿಲ್ಲ, ಎರಡನೆಯದಕ್ಕೆ ಬಂದವರು ಬೂಸ್ಟರಿಗೆ ಬರಲಿಲ್ಲ. ಅವರನ್ನು ಬಯ್ಯಲು ನನಗೆ ಮನಸ್ಸಿಲ್ಲ. ಬೂಸ್ಟರ್ ಯಾಕೆ ಬೇಕು ಎಂದು ಕೂತು ವಿವರಿಸುವ ಕೆಲಸ ನಮ್ಮ ವ್ಯವಸ್ಥೆಯಿಂದ ಆಗಬೇಕಾದಷ್ಟು ಆಗಲಿಲ್ಲ.

ಅಡಿಕೆ ತೋಟದವರಿಗೆ ಇದು ಹೊಸ ವಿಷಯವಲ್ಲ. ಕೊಳೆಗೆ ಮಳೆಗಾಲದ ಮೊದಲು ಮದ್ದು ಹೊಡೆದು, ನಲವತ್ತು-ನಲವತ್ತೈದು ದಿನಕ್ಕೆ ಎರಡನೆಯದನ್ನು ಹೊಡೆಯದೆ ಬಿಟ್ಟವರು ಮದ್ದೇ ಸುಳ್ಳು ಎನ್ನುವುದಿಲ್ಲ. ಮೈಲುತುತ್ತು, ಸುಣ್ಣದ ಅಳತೆ ಎಷ್ಟು, ಅಂತರ ಎಷ್ಟು ಎಂದು ಕೇಳುತ್ತಾರೆ. ಮಗುವಿನ ಲಸಿಕೆಗೂ ಕೇಳಬೇಕಾದ ಪ್ರಶ್ನೆ ಅದೇ.

ಅಳತೆಯ ವಿಷಯಕ್ಕೆ ಬರೋಣ. "ನಮ್ಮ ಮಗು ಸಣಕಲು, ಅರ್ಧ ಹಾಕಿ ಸಿಸ್ಟರ್" ಎನ್ನುವ ಅಮ್ಮಂದಿರಿದ್ದಾರೆ. ಜ್ವರದ ಸಿರಪ್ಪನ್ನು ತೂಕ ನೋಡಿ ಕೊಡುವಾಗ ಲಸಿಕೆಯನ್ನು ಯಾಕೆ ಹಾಗೆ ಕೊಡುವುದಿಲ್ಲ ಎಂಬುದು ನ್ಯಾಯವಾದ ಸಂಶಯ. ಸಿರಪ್ ರಕ್ತದಲ್ಲಿ ಬೆರೆತು ಮೈತುಂಬ ಹರಡಿ ಕೆಲಸ ಮಾಡುವ ಔಷಧ, ಆದ್ದರಿಂದ ಮೈಯ ತೂಕ ಮುಖ್ಯ. ಲಸಿಕೆಯ ಕೆಲಸ ಶುರುವಾಗುವುದು ಚುಚ್ಚಿದ ಜಾಗದಲ್ಲಿ, ಅದರ ಹತ್ತಿರದ ದುಗ್ಧಗ್ರಂಥಿಗಳಲ್ಲಿ. ಅಲ್ಲಿನ ರಕ್ಷಣಾ ಕಣಗಳು ರೋಗಾಣುವಿನ ಗುರುತು ಹಿಡಿಯಲು ಬೇಕಾದಷ್ಟು ಸರಕು ಇದ್ದರಾಯಿತು. ಆದ್ದರಿಂದ ಆರು ವಾರದ ಮಗು ಮೂರು ಕಿಲೋ ಇರಲಿ, ಐದು ಕಿಲೋ ಇರಲಿ, ಐದು ರೋಗಗಳನ್ನು ಒಟ್ಟಿಗೆ ತಡೆಯುವ ಪೆಂಟಾವೇಲೆಂಟ್ ಲಸಿಕೆ ಅರ್ಧ ಮಿಲಿಲೀಟರೇ. ಅದರಲ್ಲಿ ಅರ್ಧ ಹಾಕಿದರೆ ಮಗುವಿಗೆ ನೋವು ಪೂರ್ತಿ, ರಕ್ಷಣೆ ಮಾತ್ರ ಅರೆಬರೆ.

ಹಾಗಾದರೆ ಕಡಿಮೆ ಅಳತೆ ಎಲ್ಲೂ ನಡೆಯುವುದೇ ಇಲ್ಲವೇ? ನಡೆಯುತ್ತದೆ, ಪರೀಕ್ಷಿಸಿ ನೋಡಿದ ಮೇಲೆ. ಕ್ಷಯ ತಡೆಯುವ ಬಿಸಿಜಿಯನ್ನು ತಿಂಗಳೊಳಗಿನ ಮಗುವಿಗೆ 0.05 ಮಿಲಿಲೀಟರ್ ಹಾಕುತ್ತಾರೆ, ತಿಂಗಳು ದಾಟಿದರೆ 0.1. ಎಳೆಯ ಚರ್ಮಕ್ಕೆ ಹೆಚ್ಚಾದರೆ ಹುಣ್ಣು ದೊಡ್ಡದಾಗುತ್ತದೆ. ಇನ್ನೊಂದು ಉದಾಹರಣೆ ನಮ್ಮ ರಾಜ್ಯಕ್ಕೇ ಸೇರಿದ್ದು. 2016ರಲ್ಲಿ ಚುಚ್ಚುವ ಪೋಲಿಯೊ ಲಸಿಕೆಗೆ ಜಗತ್ತಿನಾದ್ಯಂತ ಕೊರತೆ ಬಂತು. ಆಗ ಪೂರ್ಣ ಅಳತೆಯ ಐದರಲ್ಲೊಂದು ಪಾಲನ್ನು, ಅಂದರೆ 0.1 ಮಿಲಿಲೀಟರನ್ನು, ಮಾಂಸಕ್ಕೆ ಚುಚ್ಚದೆ ಚರ್ಮದ ಪದರದೊಳಗೇ ಕೊಡಲು ಭಾರತ ಶುರುಮಾಡಿತು. ಮೊದಲು ತೊಡಗಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಚರ್ಮದಲ್ಲಿ ರೋಗಾಣುವನ್ನು ಹಿಡಿದು ಒಯ್ಯುವ ಕಣಗಳು ದಟ್ಟವಾಗಿರುತ್ತವೆ, ಹಾಗಾಗಿ ಅಲ್ಲಿ ಸ್ವಲ್ಪ ಸಾಕು. ಇಂಥ ಎರಡು ಸಣ್ಣ ಡೋಸ್ ಸೇರಿ ಒಂದು ಪೂರ್ಣ ಡೋಸಿಗಿಂತ ಚೆನ್ನಾಗಿ ರಕ್ಷಣೆ ಬೆಳೆಸುತ್ತವೆ ಎಂದು ಹೊರದೇಶಗಳ ಪರೀಕ್ಷೆಗಳಲ್ಲಿ ಮೊದಲೇ ಕಂಡಿತ್ತು. ಈಗ ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳಿಗೆ ಹೀಗೆ ಮೂರು ಸಲ ಕೊಡುತ್ತಾರೆ. ಮಗುವಿನ ತೋಳಿನ ಮೇಲೆ ಸಣ್ಣ ಗುಳ್ಳೆ ಏಳುವಂತೆ ಸಿಸ್ಟರ್ ಚುಚ್ಚುವುದನ್ನು ನೋಡಿರುತ್ತೀರಿ, ಅದೇ ಇದು.

ಎಷ್ಟು ಸಲ ಎನ್ನುವುದಕ್ಕೆ ಎಲ್ಲ ಲಸಿಕೆಗೂ ಒಂದೇ ಉತ್ತರವಿಲ್ಲ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುವಿನ ಲಸಿಕೆಗಳಲ್ಲಿ ಜೀವಂತ ರೋಗಾಣು ಇಲ್ಲ. ಮೊದಲ ಡೋಸಿಗೆ ಮೈ ರೋಗಾಣುವಿನ ಗುರುತು ಹಿಡಿಯುತ್ತದೆ, ಆದರೆ ಆ ನೆನಪು ಗಟ್ಟಿಯಾಗಲು ವಾರಗಳು ಬೇಕು. ಅದಕ್ಕೇ 6, 10, 14 ವಾರ. ಆಮೇಲೂ ಶಕ್ತಿ ಮೆಲ್ಲಗೆ ಇಳಿಯುವುದರಿಂದ ಒಂದೂವರೆ ವರ್ಷದ ಸುಮಾರಿಗೆ ಒಂದು, ಐದು-ಆರು ವರ್ಷಕ್ಕೆ ಒಂದು ಈ ಮೂರೂ ರೋಗಗಳ ಡಿಪಿಟಿ ಬೂಸ್ಟರ್. ಆರು ವಾರದಷ್ಟು ಎಳೆಯದರಲ್ಲೇ ಶುರುಮಾಡುವುದು ಯಾಕೆ ಎಂದರೆ, ನಾಯಿಕೆಮ್ಮು ಕೊಲ್ಲುವುದು ಹೆಚ್ಚಾಗಿ ಹಾಲುಗೂಸುಗಳನ್ನು.

ದಡಾರದ ಲೆಕ್ಕ ಬೇರೆ. ಅದರ ಲಸಿಕೆಯಲ್ಲಿರುವುದು ಜೀವಂತ, ಆದರೆ ದುರ್ಬಲಗೊಳಿಸಿದ ವೈರಸ್. ತಾಯಿಯಿಂದ ಬಂದ ಪ್ರತಿಕಾಯಗಳು ಮಗುವಿನ ಮೈಯಲ್ಲಿ ಇನ್ನೂ ಉಳಿದಿದ್ದರೆ ಲಸಿಕೆಯ ವೈರಸ್ಸನ್ನೇ ಕೊಂದುಹಾಕುತ್ತವೆ. ಒಂಬತ್ತು ತಿಂಗಳಿಗೆ ಹಾಕಿದರೆ ನೂರರಲ್ಲಿ ಸುಮಾರು 85 ಮಕ್ಕಳಿಗೆ ರಕ್ಷಣೆ ಕೂಡುತ್ತದೆ, ವರ್ಷಕ್ಕೆ ಹಾಕಿದರೆ ಸುಮಾರು 95 ಮಕ್ಕಳಿಗೆ. ಹಾಗಾದರೆ ವರ್ಷದವರೆಗೆ ಕಾಯಬಾರದೇಕೆ? ದಡಾರ ಓಡಾಡುವ ನಾಡಿನಲ್ಲಿ ಆ ಮೂರು ತಿಂಗಳು ಕಾದರೆ ಕೆಲವು ಮಕ್ಕಳನ್ನು ಕಳೆದುಕೊಳ್ಳುತ್ತೇವೆ. ಆದ್ದರಿಂದ ಒಂಬತ್ತಕ್ಕೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಎರಡನೆಯದು ಮುಖ್ಯವಾಗಿ ಮೊದಲ ಸಲ ಹತ್ತದೇ ಹೋದ ಮಕ್ಕಳಿಗಾಗಿ. ಯಾವ ಮಗುವಿಗೆ ಹತ್ತಲಿಲ್ಲ ಎಂದು ಹೊರಗಿನಿಂದ ತಿಳಿಯುವುದಿಲ್ಲ, ಅದಕ್ಕೇ ಎಲ್ಲರಿಗೂ ಹಾಕುತ್ತಾರೆ. ಎರಡೂ ಆದರೆ ರಕ್ಷಣೆ ಸುಮಾರು ಶೇ. 97.

ಆದರೂ "ಲಸಿಕೆ ಹಾಕಿಸಿದವರಿಗೂ ಬಂತಲ್ಲ" ಎಂಬ ಮಾತು ಬರುತ್ತದೆ. ನೂರು ಮಕ್ಕಳ ಶಾಲೆಯಲ್ಲಿ 95 ಮಕ್ಕಳಿಗೆ ಎರಡೂ ಡೋಸ್ ಆಗಿದೆ, ಐದು ಮಕ್ಕಳಿಗೆ ಇಲ್ಲ ಎಂದಿಟ್ಟುಕೊಳ್ಳಿ. ದಡಾರ ಹೊಕ್ಕರೆ ಆ ಐದಕ್ಕೂ ಬರುತ್ತದೆ ಎನ್ನೋಣ. 95ರಲ್ಲಿ ಹೆಚ್ಚೆಂದರೆ ಮೂವರಿಗೆ ಬರಬಹುದು. ಕಾಯಿಲೆ ಬಿದ್ದ ಎಂಟು ಮಕ್ಕಳಲ್ಲಿ ಮೂವರು ಲಸಿಕೆ ಪಡೆದವರು ಎಂಬ ಸುದ್ದಿ ಊರೆಲ್ಲ ಹಬ್ಬುತ್ತದೆ. ಏನೂ ಆಗದೆ ಆಡಿಕೊಂಡಿರುವ 92 ಮಕ್ಕಳ ಸುದ್ದಿಯನ್ನು ಯಾರೂ ಹೇಳುವುದಿಲ್ಲ.

ಡೋಸ್ ಕಡಿಮೆ ಮಾಡಲೂ ವಿಜ್ಞಾನ ಸಿದ್ಧವಿರುತ್ತದೆ ಎನ್ನುವುದಕ್ಕೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಸಾಕ್ಷಿ. ಭಾರತದಲ್ಲಿ 2009ರಲ್ಲಿ ಎರಡು ಡೋಸ್ ಸಾಕೇ, ಮೂರು ಬೇಕೇ ಎಂದು ನೋಡುವ ಅಧ್ಯಯನ ಶುರುವಾಗಿತ್ತು. 2010ರಲ್ಲಿ ಅದು ನಡುವೆ ನಿಂತು, ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತು. ಅವರನ್ನು ವರ್ಷಗಟ್ಟಲೆ ಗಮನಿಸಿದಾಗ ಒಂದು ಡೋಸಿನ ರಕ್ಷಣೆ ಎರಡು, ಮೂರು ಡೋಸಿನದಕ್ಕೆ ಸಮವಾಗಿತ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸನ್ನೂ ಒಪ್ಪಿತು, ಅದಕ್ಕೆ ಆಧಾರವಾದ ಅಧ್ಯಯನಗಳಲ್ಲಿ ಇದೂ ಇತ್ತು. ಕಂಪನಿ ಮಾರಾಟಕ್ಕಾಗಿ ಡೋಸ್ ಹೆಚ್ಚಿಸುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ಲಸಿಕೆಯ ಶಕ್ತಿ ಉಳಿಯಬೇಕಾದರೆ ತಂಪು ಬೇಕು, 2ರಿಂದ 8 ಡಿಗ್ರಿ. ಸೀಸೆಯ ಮೇಲೆ ನೇರಳೆ ಬಣ್ಣದ ಸಣ್ಣ ವೃತ್ತ, ಅದರ ನಡುವೆ ಬಿಳಿ ಚೌಕ ಇರುತ್ತದೆ. ಸೆಕೆ ತಾಗಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ. ಚೌಕದ ಬಣ್ಣ ವೃತ್ತಕ್ಕೆ ಸಮವಾದರೆ ಆ ಸೀಸೆಯನ್ನು ಬಳಸುವಂತಿಲ್ಲ. ಗುರುವಾರ ಲಸಿಕೆಗೆ ಹೋದಾಗ ತೋರಿಸಿ ಎಂದು ಕೇಳಿ, ಸಿಸ್ಟರ್ ಸಂತೋಷದಿಂದ ತೋರಿಸುತ್ತಾರೆ.

ಮಂಗನ ಕಾಯಿಲೆಯ ಹಳೆಯ ಲಸಿಕೆಗೆ ಕೊನೆಗೆ ಕೈಕೊಟ್ಟದ್ದು ಈ ಶಕ್ತಿಯೇ. ಸಾಮರ್ಥ್ಯ ಪರೀಕ್ಷೆಯಲ್ಲಿ ಸೋತು, 2022ರಲ್ಲಿ ಅದನ್ನು ನಿಲ್ಲಿಸಿದರು. 2024ರಲ್ಲಿ ನಮ್ಮ ತಾಲೂಕಿನ ಕೋರ್ಲಕೈ ಕಡೆ ಕಾಯಿಲೆ ಉಲ್ಬಣಿಸಿದಾಗ ನಮ್ಮ ಕೈಯಲ್ಲಿ ಲಸಿಕೆ ಇರಲಿಲ್ಲ, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಮಾತ್ರ ಇತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಜೊತೆ ಸೇರಿ ಮಾಡಿರುವ ಎರಡು ಡೋಸಿನ ಹೊಸ ಲಸಿಕೆ ಪ್ರಾಣಿಗಳ ಮೇಲಿನ ಪರೀಕ್ಷೆ ದಾಟಿ ಮನುಷ್ಯರ ಮೇಲಿನ ಮೊದಲ ಹಂತಕ್ಕೆ ಬಂದಿದೆ. ಮೊದಲು ದೊಡ್ಡವರಲ್ಲಿ ಸುರಕ್ಷಿತವೇ ನೋಡಬೇಕು, ಆಮೇಲೆ ಎಷ್ಟು ಅಳತೆ ಸರಿ, ಆಮೇಲೆ ನಿಜಕ್ಕೂ ಕಾಯುತ್ತದೆಯೇ ಎಂದು. ಮಕ್ಕಳ ಸರದಿ ಅದರ ನಂತರವೇ. ತಡವೆಂದು ಬೇಸರಿಸಬೇಡಿ, ಆ ತಡ ನಮ್ಮ ಮಕ್ಕಳಿಗಾಗಿಯೇ. ಅಲ್ಲಿಯವರೆಗೆ ಬೆಟ್ಟದಿಂದ ಬಂದವರು ಬಿಸಿನೀರಿನಲ್ಲಿ ಮಿಂದು, ಬಟ್ಟೆ ಒಗೆದ ಮೇಲೆಯೇ ಮಗುವನ್ನು ಎತ್ತಿಕೊಳ್ಳಿ. ದರಕಿನ ರಾಶಿಯ ಮೇಲೆ ಮಕ್ಕಳನ್ನು ಆಡಲು ಬಿಡಬೇಡಿ.

ಇವತ್ತು ಮನೆಗೆ ಹೋಗಿ ತಾಯಿ ಕಾರ್ಡ್ ತೆಗೆದು ನೋಡಿ. ಯಾವುದಾದರೂ ಡೋಸ್ ತಪ್ಪಿದ್ದರೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ ಎಂದು ಹೆದರಿ ಕೂರಬೇಡಿ. ನಿಂತಲ್ಲಿಂದಲೇ ಮುಂದುವರಿಸುತ್ತಾರೆ. ದಡಾರ-ರುಬೆಲ್ಲಾ ಲಸಿಕೆಯನ್ನು ಐದು ವರ್ಷದವರೆಗೆ, ಡಿಪಿಟಿಯನ್ನು ಏಳು ವರ್ಷದವರೆಗೆ ಕೊಡುತ್ತಾರೆ, ಹಣ ಕೊಡಬೇಕಿಲ್ಲ. ಕಾರ್ಡಿನಲ್ಲಿ ಖಾಲಿ ಇರುವ ಚೌಕ ಯಾವುದು ಎಂದು ಗೊತ್ತಾಗದಿದ್ದರೆ ಆಶಾ ಕಾರ್ಯಕರ್ತೆಗೆ ಕಾರ್ಡ್ ತೋರಿಸಿ, ಬರುವ ಗುರುವಾರವೇ ಮಗುವನ್ನು ಕರೆದುಕೊಂಡು ಹೋಗಿ.